35 ಎಂಎಂ ಕ್ಯಾಮೆರಾಗೆ ದೊಡ್ಡ ಲೆನ್ಸ್: ಮಮಿಯಾ, ಬಯೋಮೆಟಾರ್, ಇಲ್ಲಾ ಸುಮ್ನೆ ಒಂದು 85?

ನನ್ನ 35 ಎಂಎಂ ಫಿಲ್ಮ್ ಕ್ಯಾಮೆರಾ ನಿಕಾನ್ ಎಫ್‌ಇ ಮೇಲೆ ಈಗ ಇರುವುದು ಮಮಿಯಾ 645 ಎಂಬ ಮೀಡಿಯಂ ಫಾರ್ಮ್ಯಾಟ್ (35 ಎಂಎಂಗಿಂತ ದೊಡ್ಡ ಫಿಲ್ಮ್) ಕ್ಯಾಮೆರಾದ 80 ಎಂಎಂ ಎಫ್ 2.8 ಲೆನ್ಸ್. ಅದನ್ನು ಇಳಿಸುವ ಯೋಚನೆ ಸದ್ಯಕ್ಕಿಲ್ಲ. ಅದಕ್ಕೆ ಪೈಪೋಟಿ ಕೊಟ್ಟವು ಎರಡು. ಒಂದು, ಪೆಂಟಾಕಾನ್ ಸಿಕ್ಸ್ ಎಂಬ ಇನ್ನೊಂದು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗೆ ಅಂತ ಕಾರ್ಲ್ ಝೈಸ್ ಯೆನಾ ಮಾಡಿದ ಬಯೋಮೆಟಾರ್ 80. ಇನ್ನೊಂದು, ನಿಕಾನ್‌ನದೇ 85 ಎಂಎಂ ಎಫ್ 2.

ಮೊದಲು ಒಂದು ಆಸೆ ಬಿಡಬೇಕು. ಮೀಡಿಯಂ ಫಾರ್ಮ್ಯಾಟ್ ಲೆನ್ಸ್ ಹಾಕಿದ ಮಾತ್ರಕ್ಕೆ ಮೀಡಿಯಂ ಫಾರ್ಮ್ಯಾಟ್ ಚಿತ್ರ ಬರುವುದಿಲ್ಲ. 80 ಎಂಎಂ ಎಲ್ಲಿ ಹಾಕಿದರೂ 80 ಎಂಎಂ. 645ರಲ್ಲಿ ಅದು ನಾರ್ಮಲ್ ಲೆನ್ಸ್, 35ರಲ್ಲಿ ಮುಖ ತೆಗೆಯುವ ಲೆನ್ಸ್, ಅಷ್ಟೇ. ಹರಿತವೂ ಜಾಸ್ತಿ ಆಗುವುದಿಲ್ಲ. 12 ಇಂಚು 16 ಇಂಚಿನ ಪ್ರಿಂಟ್‌ಗೆ 645ರ ನೆಗೆಟಿವ್ ಸುಮಾರು 7 ಪಟ್ಟು ಹಿಗ್ಗಿದರೆ ಸಾಕು, 35ರದ್ದು 12 ಪಟ್ಟಿಗೂ ಜಾಸ್ತಿ ಹಿಗ್ಗಬೇಕು. ಕಡಿಮೆ ಹಿಗ್ಗಿಸುವ ಲೆಕ್ಕದಲ್ಲಿ ಮಾಡಿದ ಲೆನ್ಸ್‌ನಿಂದ ನಾವು ಜಾಸ್ತಿ ಕೇಳುತ್ತಿದ್ದೇವೆ. ಲಾಭ ಇರುವುದು ಮೂಲೆಗಳಲ್ಲಿ. ಲೆನ್ಸ್‌ನ ನಡುಭಾಗ ಮಾತ್ರ ಬಳಕೆಯಾಗುವುದರಿಂದ ಅಪರ್ಚರ್ (ಬೆಳಕು ಬರುವ ತೂತು; ಎಫ್ ಸಂಖ್ಯೆ ಕಡಿಮೆಯಾದಷ್ಟೂ ದೊಡ್ಡದು) ಪೂರ್ತಿ ತೆರೆದಾಗಲೂ ಅಂಚುಗಳು ಕಪ್ಪಗಾಗುವುದಿಲ್ಲ.

ಹಾಗಾದರೆ ಯಾಕೆ ಬೇಕು ಈ ಉಸಾಬರಿ? ನನ್ನ ಬಳಿ 645 ಬಾಡಿಯೂ ಇದೆ. ಒಂದೇ ಲೆನ್ಸ್ ಎರಡೂ ಕಡೆ ಕೆಲಸ ಮಾಡಿದರೆ ಇನ್ನೊಂದರ ದುಡ್ಡು ಉಳಿಯಿತು.

ಬಯೋಮೆಟಾರ್ ಕೊಡುವ ಚಿತ್ರ ನನಗೆ ತುಂಬಾ ಇಷ್ಟ. ಹಿನ್ನೆಲೆ ಮಸುಕಾಗುವ ರೀತಿ ಮಮಿಯಾಗಿಂತ ಮೃದು. ಸೋತದ್ದು ಲೆನ್ಸ್ ಅಲ್ಲ, ಅದನ್ನು ನಿಕಾನ್‌ಗೆ ಜೋಡಿಸುವ ಬಳೆ, ಅಂದರೆ ಅಡಾಪ್ಟರ್.

ಪೆಂಟಾಕಾನ್ ಸಿಕ್ಸ್‌ನಲ್ಲಿ ಮೌಂಟ್‌ನಿಂದ (ಲೆನ್ಸ್ ಕೂರುವ ಬಾಯಿಯಿಂದ) ಫಿಲ್ಮ್‌ಗೆ ಸುಮಾರು 74 ಎಂಎಂ ದೂರ. ನಿಕಾನ್‌ನಲ್ಲಿ 46.5. ನಡುವಿನ 27 ಎಂಎಂ ಚಿಲ್ಲರೆಯನ್ನು ಅಡಾಪ್ಟರ್ ತುಂಬಬೇಕು, ಅದೂ ಕರಾರುವಾಕ್ಕಾಗಿ. ನನಗೆ ಬಂದದ್ದು ಚೂರು ದಪ್ಪ. ಫೋಕಸ್ ರಿಂಗ್ ಕೊನೆಗೆ ಬಂದು ನಿಂತರೂ ದೂರದ ನೀರಿನ ಟ್ಯಾಂಕ್ ಇನ್ನೂ ಒಂದಿಷ್ಟು ಸ್ಪಷ್ಟವಾಗಬೇಕಿತ್ತು ಅನ್ನಿಸುತ್ತಿತ್ತು. ಕಣ್ಣಿನ ತೊಂದರೆ ಇರಬಹುದೇ ಅಂತ ಕ್ಯಾಮೆರಾದ ಹಿಂಬಾಗಿಲು ತೆರೆದು, ಫಿಲ್ಮ್ ಕೂರುವ ಜಾಗದಲ್ಲಿ ಮಸುಕು ಗಾಜು ಇಟ್ಟು, ಶಟರನ್ನು ಬಿ (ಒತ್ತಿದಷ್ಟು ಹೊತ್ತೂ ತೆರೆದಿರುವ) ಗುರುತಿನ ಮೇಲೆ ತೆರೆದಿಟ್ಟು, ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲೂ ಅದೇ ಕತೆ.

ಲೆಕ್ಕ ಹಾಕಿದರೆ ಬೆಚ್ಚುತ್ತೀರಿ. 80 ಎಂಎಂ ಲೆನ್ಸ್‌ಗೆ ಅಡಾಪ್ಟರ್ 0.1 ಎಂಎಂ ದಪ್ಪವಾದರೆ, ಅಂದರೆ ಒಂದು ಹಾಳೆ ಕಾಗದದಷ್ಟು, ಫೋಕಸ್ ಸುಮಾರು 64 ಮೀಟರ್‌ಗೇ ನಿಂತುಬಿಡುತ್ತದೆ. ಆಚೆಗಿನದೆಲ್ಲ ಮೆತ್ತಗೆ. ಎಫ್ 8ಕ್ಕೆ ಇಳಿಸಿದರೆ ಈ ದೋಷ ಕಾಣುವುದಿಲ್ಲ, ಎಫ್ 2.8ರಲ್ಲಿ ಎದ್ದು ಕಾಣುತ್ತದೆ. ತೆಳ್ಳಗಾದರೆ ಅಷ್ಟು ಚಿಂತೆ ಇಲ್ಲ. ಫೋಕಸ್ ಇನ್ಫಿನಿಟಿ (ಅತಿ ದೂರದ ಗುರುತು) ದಾಟಿ ಹೋಗುತ್ತದೆ, ರಿಂಗ್ ಮೇಲಿನ ಮೀಟರ್ ಗುರುತು ಸುಳ್ಳು ಹೇಳುತ್ತದೆ, ಅಷ್ಟೇ. ಅದಕ್ಕೇ ಕೆಲವರು ಬೇಕೆಂದೇ ಚೂರು ತೆಳ್ಳಗೆ ಮಾಡುತ್ತಾರೆ.

ಉಪ್ಪುಕಾಗದದಲ್ಲಿ ಉಜ್ಜಿ ಸರಿಮಾಡಿ ಅಂತ ಸಲಹೆ ಬಂತು. ಅದಕ್ಕೂ ಮೊದಲು ಮೈಕ್ರೋಮೀಟರ್‌ನಲ್ಲಿ ಸುತ್ತಲೂ ಅಳೆದೆ. ಒಂದೊಂದು ಕಡೆ ಒಂದೊಂದು ದಪ್ಪ! ಹಾಗಿದ್ದರೆ ಲೆನ್ಸ್ ವಾಲಿಕೊಂಡೇ ಕೂರುತ್ತದೆ, ಫ್ರೇಮಿನ ಎಡಕ್ಕೂ ಬಲಕ್ಕೂ ಬೇರೆ ಬೇರೆ ಫೋಕಸ್. ಕೈಯಲ್ಲಿ ಉಜ್ಜಿದರೆ ಅದು ಇನ್ನಷ್ಟು ಕೆಡುತ್ತದೆಯೇ ಹೊರತು ಸರಿಹೋಗುವುದಿಲ್ಲ. ಮಾರಿದವರನ್ನು ಕೇಳಿದರೆ ನಿಮ್ಮ ಲೆನ್ಸೇ ಸರಿಯಿಲ್ಲ ಅಂದರು. ಅದೇ ಲೆನ್ಸ್ ಪೆಂಟಾಕಾನ್ ಮೇಲೆ ಸರಿಯಾಗಿಯೇ ಇತ್ತು. ಡಿಜಿಟಲ್ ಆಗಿದ್ದರೆ ತಕ್ಷಣ ಗೊತ್ತಾಗುತ್ತಿತ್ತು, ಫಿಲ್ಮ್‌ನಲ್ಲಿ ರೋಲ್ ತೊಳೆದು ಬರುವವರೆಗೆ ಕಾಯಬೇಕು ಅಲ್ವಾ.

ಮಮಿಯಾದ ಅಡಾಪ್ಟರ್ ಇದಕ್ಕಿಂತ ತೆಳ್ಳಗೆ, 16.8 ಎಂಎಂ. ನನ್ನದು ಅದೃಷ್ಟಕ್ಕೆ ಸರಿಯಾಗಿದೆ. ಆದರೆ ಮನಸ್ಸು ಗೆದ್ದದ್ದು ಲೆನ್ಸ್ ಮೇಲಿನ ಒಂದು ಪುಟ್ಟ ಲಿವರ್. ಅದರಲ್ಲಿ ಎ, ಎಂ ಅಂತ ಎರಡು ಜಾಗ. ಅಡಾಪ್ಟರ್ ಮೇಲೆ ಆಟೋ ಅಪರ್ಚರ್ (ಕ್ಲಿಕ್ ಮಾಡುವಾಗ ಮಾತ್ರ ತಾನೇ ಮುಚ್ಚಿಕೊಳ್ಳುವ ವ್ಯವಸ್ಥೆ) ಸತ್ತುಹೋಗಿರುತ್ತದೆ, ಎಫ್ 8ರಲ್ಲೇ ಫೋಕಸ್ ಮಾಡಲು ಹೋದರೆ ವ್ಯೂಫೈಂಡರ್ ಕತ್ತಲು, ಫೋಕಸ್ ತೋರಿಸುವ ನಡುವಿನ ಒಡಕು ವೃತ್ತದ ಅರ್ಧ ಕಪ್ಪು. ಮಮಿಯಾದಲ್ಲಿ ಎ ಇಟ್ಟರೆ ಲೆನ್ಸ್ ಪೂರ್ತಿ ತೆರೆದಿರುತ್ತದೆ. ಫೋಕಸ್ ಮಾಡಿ ಎಂಗೆ ತಳ್ಳಿದರೆ ಮೊದಲೇ ಇಟ್ಟ ಅಪರ್ಚರ್‌ಗೆ ಮುಚ್ಚಿಕೊಳ್ಳುತ್ತದೆ. ಕಣ್ಣು ತೆಗೆಯಬೇಕಿಲ್ಲ. ಬಯೋಮೆಟಾರ್‌ನಲ್ಲಿ ನಾನು ಪ್ರತಿ ಸಲ ಅಪರ್ಚರ್ ರಿಂಗ್ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ಎದುರಿಗಿದ್ದವರ ನಗು ಮಾಯ.

ಎಂಗೆ ತಳ್ಳುವುದು ಮರೆತರೆ? ಎಫ್‌ಇ ಆಟೋದಲ್ಲಿದ್ದರೆ ಎಕ್ಸ್‌ಪೋಶರ್ ಕೆಡುವುದಿಲ್ಲ. ಒಳಗೆ ಬರುವ ಬೆಳಕನ್ನೇ ಅಳೆದು ಶಟರ್ ವೇಗ ಹೊಂದಿಸಿಕೊಳ್ಳುತ್ತದೆ. ಎಫ್‌ಎಂ2ನಂಥ ಪೂರ್ತಿ ಮ್ಯಾನುಯಲ್ ಬಾಡಿಯಲ್ಲಿ ಎಫ್ 8ಕ್ಕೆ ಲೆಕ್ಕ ಹಾಕಿ ಎಫ್ 2.8ರಲ್ಲಿ ಹೊಡೆದರೆ ಮೂರು ಸ್ಟಾಪ್ (ಒಂದೊಂದಕ್ಕೂ ಬೆಳಕು ದುಪ್ಪಟ್ಟು) ಜಾಸ್ತಿ ಬೆಳಕು. ನೆಗೆಟಿವ್ ತಾಳಿಕೊಳ್ಳಬಹುದು, ಸ್ಲೈಡ್ ಫಿಲ್ಮ್ ಹೋದಂತೆಯೇ.

ಹುಡ್ (ಲೆನ್ಸ್ ಮುಂದೆ ಹಾಕುವ ನೆರಳು ಕೊಳವೆ) ಮಮಿಯಾ, ಬಯೋಮೆಟಾರ್ ಎರಡಕ್ಕೂ ಬೇಕೇ ಬೇಕು. ಫ್ರೇಮ್‌ನ ಆಚೆ ಬೀಳುವ ಬೆಳಕು ಮಿರರ್ ಬಾಕ್ಸ್ ಒಳಗೆ ಚದುರಿ ಕಾಂಟ್ರಾಸ್ಟ್ ತಿನ್ನುತ್ತದೆ. ಲೆನ್ಸ್‌ನ ಸ್ವಂತ ಹುಡ್‌ಗಿಂತ ಉದ್ದದ್ದು ಹಾಕಿ, ಮೂಲೆ ಕತ್ತರಿಸುವ ಭಯ ಇಲ್ಲಿ ಕಡಿಮೆ.

ಹತ್ತಿರದ ಫೋಕಸ್: ಮಮಿಯಾ 0.7 ಮೀಟರ್, ನಿಕಾನ್ 85 0.85, ಬಯೋಮೆಟಾರ್ 1.

ಶಿಫ್ಟ್ ಅಥವಾ ಟಿಲ್ಟ್ ಅಡಾಪ್ಟರ್ (ಲೆನ್ಸನ್ನು ಪಕ್ಕಕ್ಕೆ ಸರಿಸುವ ಅಥವಾ ವಾಲಿಸುವ ಅಡಾಪ್ಟರ್) ಆಸೆ ಇದ್ದವರು ಮಾತ್ರ ಬಯೋಮೆಟಾರ್ ಕಡೆ ಹೋಗಿ. ಪೆಂಟಾಕಾನ್ ಸಿಕ್ಸ್ ಮೌಂಟ್‌ಗೆ ಅಂಥವು ಸಿಗುತ್ತವೆ. 6x6 ಸೆಂಟಿಮೀಟರ್ ಫ್ರೇಮ್‌ಗೆ ಮಾಡಿದ ಲೆನ್ಸ್ ಆದ್ದರಿಂದ ಪಕ್ಕಕ್ಕೆ ಸರಿಸಿದರೂ ಫ್ರೇಮ್ ತುಂಬುತ್ತದೆ. ನನಗೆ ಕಟ್ಟಡ ತೆಗೆಯುವ ಅಭ್ಯಾಸವಿಲ್ಲ.

ನಿಕಾನ್ 85ರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹಗುರ, ಒಂದು ಸ್ಟಾಪ್ ವೇಗ, ಆಟೋ ಅಪರ್ಚರ್ ಇದೆ, ಹಾಕಿ ಹೊಡೆಯಬಹುದು. ಓಡಾಡುವ ಮಕ್ಕಳನ್ನು ತೆಗೆಯುವವರು, 645 ಬಾಡಿ ಇಲ್ಲದವರು ಇದನ್ನೇ ಕೊಳ್ಳಿ. ನಾನು ತೆಗೆಯುವುದು ಕೂತವರ ಮುಖ, ನಿಧಾನವಾಗಿ. ನನಗೆ ಮಮಿಯಾದ ಲಿವರ್ ಸಾಕು.

ಈ ದಾರಿ ಹಿಡಿಯುವವರು ಮಮಿಯಾದ್ದೇ ದೊಡ್ಡ ಕ್ಯಾಮೆರಾಗಳಾದ ಆರ್‌ಬಿ67, ಆರ್‌ಝಡ್67 ಲೆನ್ಸ್ ಮಾತ್ರ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಆ ಕ್ಯಾಮೆರಾಗಳಲ್ಲಿ ಫೋಕಸ್ ಮಾಡುವುದು ಬಾಡಿಯ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಮಡಿಕೆ ಚೀಲ). ಲೆನ್ಸ್ ಮೇಲೆ ಫೋಕಸ್ ರಿಂಗೇ ಇಲ್ಲ.