ಬಡಾವಣೆಗೆ ಯಾವುದು ಮೊದಲು: ಕ್ಯಾಮೆರಾವೋ, ಬೀಟ್ ಪೊಲೀಸರೋ?

ಬೆಂಗಳೂರಿನ ಅಂಚಿನ ಹೊಸ ಬಡಾವಣೆಗಳಲ್ಲಿ ಒಂದು ಕಳ್ಳತನವಾದರೆ ಸಾಕು, ನಿವಾಸಿಗಳ ಸಂಘ ಕ್ಯಾಮೆರಾಕ್ಕೆ ಚಂದಾ ಎತ್ತಲು ಹೊರಡುತ್ತದೆ. ಬೇಡವೆನ್ನಲಾರೆ; ಕಳುವಾದ ಬೈಕು ಯಾವ ತಿರುವಿನಲ್ಲಿ ಹೋಯಿತೆಂದು ತೋರಿಸುವುದು ಅದೇ. ಆದರೆ ಅದು ಹೆಚ್ಚಾಗಿ ನೆರವಾಗುವುದು ಕೃತ್ಯ ನಡೆದ ಮೇಲೆ. ನಿರ್ವಹಣೆಯಿಲ್ಲದಿದ್ದರೆ ಅದೂ ಇಲ್ಲ.

2017ರಲ್ಲಿ ಕರ್ನಾಟಕ ಪೊಲೀಸ್ ಇಲಾಖೆ ಬೀಟ್ (ಗಸ್ತು) ವ್ಯವಸ್ಥೆಯನ್ನು ಪರಿಷ್ಕರಿಸಿ, ಠಾಣಾ ವ್ಯಾಪ್ತಿಯನ್ನು ಸಣ್ಣ ಬೀಟ್‌ಗಳಾಗಿ ಹಂಚಿ, ಒಂದೊಂದರ ಹೊಣೆಯನ್ನು ಸಿಬ್ಬಂದಿಗೆ ಒಪ್ಪಿಸಿತು. ಸ್ಥಳೀಯರನ್ನೂ ಬೀಟ್ ಸದಸ್ಯರನ್ನಾಗಿಸಿತು. ಇದಕ್ಕೆ ದುಡ್ಡಿಗಿಂತ ವ್ಯವಧಾನ ಬೇಕು. ಊರಿಗೆ ಹೊರಡುವವರು ಮನೆಗೆ ಬೀಗ ಹಾಕಿರುವುದನ್ನು ತಿಳಿಸಿದರೆ, ರಾತ್ರಿ ಗಸ್ತಿನವರು ಆ ಬೀದಿಯ ಮೇಲೆ ಕಣ್ಣಿಡಬಹುದು. ಮನೆಯೊಳಗಿನ ಹೊಡೆತ ಬಡಿತ, ಬಡ್ಡಿಯವರ ಬೆದರಿಕೆ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ; ಪರಿಚಯದ ಮುಖವಿದ್ದರೆ ಹೆಣ್ಣುಮಗಳೊಬ್ಬಳು ಬಾಯಿ ಬಿಟ್ಟಾಳು.

ತೊಡಕೂ ಇದೆ. ಸಿಬ್ಬಂದಿ ಬಂದೋಬಸ್ತಿಗೆ ಹೋದರೆ ಬೀಟ್ ಖಾಲಿ. ವರ್ಗಾವಣೆಯಾದರೆ ಪರಿಚಯ ಮತ್ತೆ ಮೊದಲಿನಿಂದ. ಬೀಟ್ ಪೊಲೀಸರು ಸ್ಥಳೀಯರೊಂದಿಗೆ ನಡೆಸುವ ಸಭೆಗೆ ಮನೆ ಮಾಲೀಕರಷ್ಟೇ ಬಂದರೆ, ಶೆಡ್ಡುಗಳಲ್ಲಿರುವ ಕಟ್ಟಡ ಕಾರ್ಮಿಕರು ಶಂಕಿತರಾಗಿಯೇ ಉಳಿಯುತ್ತಾರೆ. ನನ್ನನ್ನು ಬಹಳ ಕಾಡುವ ಸಂಗತಿ ಇದು. ಅವರನ್ನೂ ಕರೆಯಿರಿ.

ಹಣ ಕಡಿಮೆಯಿದ್ದರೆ ಬೀಟ್ ಸಭೆಯಿಂದ ಶುರು ಮಾಡಿ. ಕ್ಯಾಮೆರಾವನ್ನು ಬಡಾವಣೆಯ ಪ್ರವೇಶದಲ್ಲಷ್ಟೇ ಹಾಕಿಸಿ. ತುರ್ತಿದ್ದರೆ ಎರಡನ್ನೂ ನೆಚ್ಚಿ ಕೂರದೆ 112ಕ್ಕೆ ಕರೆ ಮಾಡಿ.