ಮನೆಗೆ ಕೋಣೆ ಸೇರಿಸಲು ಯಾರು: ಗೌಂಡಿಯಾ, ಎಂಜಿನಿಯರಾ, ಆರ್ಕಿಟೆಕ್ಟಾ?

ಕಲಬುರಗಿಯ ಹಳೇ ಮನೆಗೆ ಎರಡು ಕೋಣೆ ಸೇರಿಸಬೇಕು, ಯಾರನ್ನು ಹಿಡಿಯಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಅನುಭವಿ ಗೌಂಡಿಯೇ ಅಗ್ಗ. ಹಿತ್ತಲಲ್ಲೊಂದು ಬಚ್ಚಲು ಕಟ್ಟಲು ಅವರೇ ಸಾಕು.

ಗಟ್ಟಿತನದ ಮಾತು ಬೇರೆ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹಳೇ ಗೋಡೆಗೆ ಹೊಸದನ್ನು ಸುಮ್ನೆ ಅಂಟಿಸಿದರೆ ಸೇರಿಸಿದ ಜಾಗದಲ್ಲೇ ಬಿರುಕು ಬೀಳುತ್ತದೆ. ಮಹಡಿ ಏರಿಸುವುದಾದರಂತೂ ಹಳೇ ಪಾಯ ಆ ಭಾರ ಹೊರುತ್ತದಾ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಲೇಬೇಕು. ಶಹಾಬಾದ್ ಕಲ್ಲಿನ ಗೋಡೆ ದಪ್ಪಗಿದೆ ಅಂತ ಧೈರ್ಯ ಮಾಡಬೇಡಿ.

ಗಾಳಿ, ಬೆಳಕಿಗೆ ಆರ್ಕಿಟೆಕ್ಟ್. ಹೊಸ ಕೋಣೆ ಬಂದ ಮೇಲೆ ನಡುಮನೆಯ ಕಿಟಕಿಯೇ ಮುಚ್ಚಿಹೋಗಬಹುದು, ನೋಡಿ. 40 ಡಿಗ್ರಿ ದಾಟುವ ನಮ್ಮೂರಲ್ಲಿ ಅದು ಸಣ್ಣ ವಿಷಯ ಅಲ್ಲ, ಅಲ್ವಾ? ಮನೆಯೊಳಗಿನ ಓಡಾಟವೇ ಬದಲಾಗುವುದಾದರೆ ಆರ್ಕಿಟೆಕ್ಟ್ ಫೀಸು ದಂಡ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ಅವರಿಗೆ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ. ಸೈಟಿಗೆ ಎಷ್ಟು ಸಲ ಬರುತ್ತಾರೆ, ಭಾರದ ಲೆಕ್ಕ ಫೀಸಿನಲ್ಲೇ ಸೇರಿದೆಯಾ ಎಂದೂ ಬರೆಸಿಕೊಳ್ಳಿ.

ಯಾರನ್ನೇ ಹಿಡಿದರೂ ಪಾಲಿಕೆಯ ಪರವಾನಗಿ ಮೊದಲು.