ಸೆಕೆಂಡ್ ಹ್ಯಾಂಡ್ ಬ್ರಿಯೋ: ನಾವಿಬ್ಬರೂ ಸೇರಿ ಓಡಿಸಿದ 52,000 ಕಿಲೋಮೀಟರ್

2014ರ ಹೋಂಡಾ ಬ್ರಿಯೋ, ಪೆಟ್ರೋಲ್, ಮ್ಯಾನುವಲ್. 2021ರ ನವೆಂಬರಲ್ಲಿ ತಗೊಂಡದ್ದು, ಆಗ ಮೀಟರಲ್ಲಿ 41 ಸಾವಿರ ಇತ್ತು, ಈಗ 93 ಸಾವಿರ ದಾಟಿತು. ನಾಲ್ಕು ಮಳೆಗಾಲ ಕಳೆದಿದೆ. ಗಂಡ ಹೆಂಡತಿ ಇಬ್ಬರೂ ಓಡಿಸ್ಲಿಕ್ಕೆ ಅಂತ ಒಂದೇ ಕಾರು ಹುಡುಕುವವರು ತುಂಬ ಜನ ಇದ್ದಾರೆ, ಅದರಲ್ಲೂ ಓಡಿಸುವಾಗ ಖುಷಿ ಆಗ್ಬೇಕು ಅಂತ ಇರುವವರಿಗೆ ಸರಿಯಾಗಿ ಹೇಳುವವರು ಸಿಗುವುದಿಲ್ಲ, ಎಲ್ಲರೂ ಮೈಲೇಜ್ ಮತ್ತು ರೀಸೇಲ್ ಮಾತ್ರ ಕೇಳ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ.

ನಮ್ಮ ಮನೆ ಮಂಗಳೂರು ಉಡುಪಿ ನಡುವಿನ ಮೂಲ್ಕಿ ಹತ್ತಿರ. ಇವರಿಗೆ, ಅಂದ್ರೆ ನನ್ನ ಗಂಡನಿಗೆ, ಮಂಗಳೂರಿನ ಬೈಕಂಪಾಡಿಯಲ್ಲಿ ಶಿಫ್ಟ್ ಕೆಲಸ, ನಂಗೆ ಉಡುಪಿಯಲ್ಲಿ ಕೆಲಸ, ಅಂದ್ರೆ ಬೆಳಿಗ್ಗೆ ಹೊರಟ್ರೆ ಅವರು ತೆಂಕಕ್ಕೆ ನಾನು ಬಡಗಕ್ಕೆ. ನಮ್ಮಲ್ಲಿ ಹೈವೇ ಬಸ್ಸಿಗೆ ಬರ ಇಲ್ಲ, ಒಂದು ಹೋದ್ರೆ ಹಿಂದೆಯೇ ಇನ್ನೊಂದು ಬರ್ತದೆ, ಹಾಗಾಗಿ ಎರಡು ಕಾರು ಬೇಕು ಅಂತ ಯಾವತ್ತೂ ಅನ್ನಿಸಿಲ್ಲ. ಅವರಿಗೆ ರಾತ್ರಿ ಶಿಫ್ಟ್ ಇರುವ ವಾರ ಕಾರು ಅವರದ್ದು, ಉಳಿದ ವಾರ ನನ್ನದು. ಇಬ್ಬರಿಗೂ ಡ್ರೈವಿಂಗ್ ಅಂದ್ರೆ ಪ್ರಾಣ. ನಾನು ಕಲಿತದ್ದು ಅಪ್ಪನ ಮಾರುತಿ 800ನಲ್ಲಿ, ಆ ಹಗುರದ ಗಾಡಿಯ ರುಚಿ ಇನ್ನೂ ಕೈಯಲ್ಲಿ ಉಂಟು. ಅವರಿಗೆ ಪವರ್ ಬೇಕು, ಪೆಡಲ್ ಒತ್ತಿದ್ರೆ ಬೆನ್ನು ಸೀಟಿಗೆ ಅಂಟ್ಬೇಕು. ಇಲ್ಲಿಂದಲೇ ಚರ್ಚೆ ಶುರು ಆದದ್ದು.

ಬಜೆಟ್ ಮೂರೂವರೆ ಲಕ್ಷ, ರಿಪೇರಿಗೆ ಅಂತ ಅದರಲ್ಲೇ 40 ಸಾವಿರ ತೆಗೆದಿಡ್ಬೇಕು. ಇವರ ಮನಸ್ಸು ಇದ್ದದ್ದು ಪೋಲೋ ಜಿಟಿ ಟಿಎಸ್ಐ ಮೇಲೆ, 1.2 ಟರ್ಬೊ, 105 ಪಿಎಸ್ ಪವರ್, ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ 7 ಸ್ಪೀಡ್ ಡಿಎಸ್‌ಜಿ ಗೇರ್‌ಬಾಕ್ಸ್. ಒಂದು ಓಡಿಸಿ ನೋಡಿದೆವು, ಹೈವೇಲಿ ಬಾಣದ ಹಾಗೆ ಹೋಗ್ತದೆ, ಸುಳ್ಳು ಹೇಳುವುದಿಲ್ಲ. ಆದ್ರೆ ಅಂಥ ಗೇರ್‌ಬಾಕ್ಸಿನ ಹಿಸ್ಟರಿ ಗೊತ್ತಿಲ್ಲದೆ ತಗೊಳ್ಳುವ ಧೈರ್ಯ ನಮಗೆ ಆಗ್ಲಿಲ್ಲ, ಬಿಚ್ಚುವ ಪ್ರಸಂಗ ಬಂದ್ರೆ ತೆಗೆದಿಟ್ಟ 40 ಸಾವಿರ ಎಲ್ಲಿಗೂ ಸಾಲುವುದಿಲ್ಲ, ಮತ್ತೆ ನಂಗೆ ಕ್ಲಚ್ ಪೆಡಲ್ ಬೇಕೇ ಬೇಕು. ಆಮೇಲೆ ಫೋರ್ಡ್ ಫಿಗೋ 1.5 ಡೀಸೆಲ್, 100 ಪಿಎಸ್, 215 ಎನ್ಎಂ ಟಾರ್ಕ್ (ಎಳೆಯುವ ಬಲ), ಅದು ಇಬ್ಬರಿಗೂ ಹಿಡಿಸಿತು. ಆದ್ರೆ ನಾವು ಹುಡುಕ್ತಾ ಇರುವಾಗಲೇ, 2021ರ ಸೆಪ್ಟೆಂಬರಲ್ಲಿ, ಫೋರ್ಡ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸ್ತೇವೆ ಅಂತ ಹೇಳಿತು. ಪಾರ್ಟ್ಸ್ ಸಿಗ್ತದೆ ಅಂತ ಎಲ್ಲರೂ ಹೇಳಿದ್ರು, ಆದ್ರೂ ಮನಸ್ಸು ಒಪ್ಪಲಿಲ್ಲ. ಸ್ವಿಫ್ಟ್ ನೋಡಿದೆವು, ಒಳ್ಳೆ ಗಾಡಿಯೇ, ಆದ್ರೆ ನಮ್ಮ ದುಡ್ಡಿಗೆ ಸಿಗುವ ಸ್ವಿಫ್ಟೆಲ್ಲ ಲಕ್ಷದ ಮೇಲೆ ಓಡಿದ್ದು.

ಬ್ರಿಯೋ ಲಿಸ್ಟಲ್ಲೇ ಇರ್ಲಿಲ್ಲ. ಕಿನ್ನಿಗೋಳಿಯ ನಮ್ಮ ಮೆಕ್ಯಾನಿಕ್ ಹೇಳಿದ್ದು, "ಅಕ್ಕ, ಒಂದ್ಸಲ ಬ್ರಿಯೋ ಓಡ್ಸಿ ನೋಡಿ, ಆಮೇಲೆ ಮಾತಾಡುವ." 1.2 ಐ-ವಿಟೆಕ್ ಎಂಜಿನ್, 88 ಪಿಎಸ್, ಗಾಡಿ ತೂಕ ಒಂದು ಟನ್ನಿಗಿಂತ ಕಮ್ಮಿ. ಕಾಗದದ ಮೇಲೆ ನೋಡಿದ್ರೆ ಇವರಿಗೆ ಸಪ್ಪೆ ಅನ್ನಿಸಿತ್ತು. ಅವರು ಓಡಿಸಿ ಬಂದು ಇಳಿಯುವಾಗ ನಂಗೆ ಮುಖದಲ್ಲೇ ಗೊತ್ತಾಯ್ತು, ಪೋಲೋದ ಮಾತು ಮತ್ತೆ ಬರ್ಲಿಲ್ಲ. ನಾವು ಮಾಡಿದ ಒಂದು ಒಳ್ಳೆ ಕೆಲಸ ಅಂದ್ರೆ, ಪ್ರತಿ ಕಾರನ್ನೂ ಬೇರೆ ಬೇರೆ ಓಡಿಸಿದ್ದು, ಒಬ್ಬರು ಓಡಿಸುವಾಗ ಇನ್ನೊಬ್ಬರು ಕಾರಲ್ಲಿ ಕೂತ್ಕೊಳ್ಳುವುದಿಲ್ಲ. ಪಕ್ಕದಲ್ಲಿ ಕೂತವರು ಎಂತಾದ್ರೂ ಹೇಳಿಯೇ ಹೇಳ್ತಾರೆ, ಆಗ ನಮಗೆ ಅನ್ನಿಸಿದ್ದು ನಮ್ಮದಾ ಅವರದ್ದಾ ಗೊತ್ತಾಗುವುದಿಲ್ಲ.

ಇನ್ನು ಗಾಡಿ ಆರಿಸಿದ್ದು. ಮೊದಲು ನೋಡಿದ ಬ್ರಿಯೋ ಮಂಗಳೂರಿನ ಒಂದು ಡೀಲರ್ ಹತ್ತಿರ ಇತ್ತು, ಹೆಸರು ಬೇಡ. ಹೊಸತರ ಹಾಗೆ ಪಳಪಳ ಹೊಳೀತಾ ಇತ್ತು, ಒಳಗೆ ಪರ್ಫ್ಯೂಮ್ ಘಾಟು. ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ, ಸೀದಾ ಡ್ರೈವರ್ ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆದ್ರು. ಮೇಲಿನ ಒಂದು ಮೊಳ ಕಪ್ಪು, ಕ್ಲೀನ್. ಒಳಗೆ ಸುತ್ತಿಕೊಂಡಿರುವ ಭಾಗ ಹೊರಗೆ ಬರುವಾಗ ಅಡ್ಡಕ್ಕೆ ಒಂದು ಗೆರೆ, ಗೆರೆಯ ಒಂದು ಕಡೆ ಬೆಲ್ಟ್ ಕಪ್ಪು, ಇನ್ನೊಂದು ಕಡೆ ಚಹಾ ಚೆಲ್ಲಿ ಒಣಗಿದ ಬಣ್ಣ, ಬೆರಳಲ್ಲಿ ಉಜ್ಜಿದ್ರೆ ಸಣ್ಣ ಮಣ್ಣಿನ ಹುಡಿ. ನೆರೆ ನೀರಲ್ಲಿ ನಿಂತ ಕಾರು. ಸೀಟು ತೊಳೀಬಹುದು, ಕಾರ್ಪೆಟ್ ಬದಲಿಸ್ಬಹುದು, ಬೆಲ್ಟಿನ ಹೊಟ್ಟೆಯಲ್ಲಿ ಇರುವುದನ್ನು ಯಾರೂ ತೊಳೆಯುವುದಿಲ್ಲ. ಡಿಕ್ಕಿಯ ಮ್ಯಾಟ್ ತೆಗೆದು ಸ್ಟೆಪ್ನಿ ಎತ್ತಿದ್ರೆ ಅಡಿಯಲ್ಲಿ ತುಕ್ಕು ಪದರ ಪದರ ಎದ್ದಿತ್ತು. ಕೇಳಿದ್ರೆ "ಕರಾವಳಿಲಿ ಇದೆಲ್ಲ ಕಾಮನ್ ಮೇಡಂ" ಅಂತ. ತುಕ್ಕು ಕಾಮನ್ ಹೌದು, ಉಪ್ಪಿನ ಗಾಳಿ ಇರುವಲ್ಲಿ ಡೋರಿನ ಕೆಳ ಅಂಚು, ಸೈಲೆನ್ಸರ್ ಎಲ್ಲ ಬೇಗ ಹಿಡೀತದೆ. ಆದ್ರೆ ನೆರೆ ನೀರಿನ ವಿಷಯ ಮುಚ್ಚಿಟ್ಟು ಮಾರುವುದು ಮೋಸವೇ, ವಯರಿಂಗ್ ಇವತ್ತಲ್ಲ ನಾಳೆ ಕೈಕೊಡ್ತದೆ, ಅದೂ ರಾತ್ರಿ ಒಬ್ಬಳೇ ಬರುವಾಗ ಕೈಕೊಟ್ರೆ?

ಅದಕ್ಕೇ ಘಟ್ಟದ ಮೇಲಿನ ಗಾಡಿ ಹುಡುಕಿದೆವು. ಸಕಲೇಶಪುರದಲ್ಲಿ ಸಿಕ್ಕಿತು, ಒಬ್ಬರೇ ಓನರ್, ಎಬಿಎಸ್ ಮತ್ತು ಏರ್‌ಬ್ಯಾಗ್ ಇರುವ ಮಾಡೆಲ್, ಅಡಿಯಲ್ಲಿ ಕೆಂಪು ಮಣ್ಣು ಬಿಟ್ರೆ ಬೇರೆ ಏನೂ ಇಲ್ಲ. 3 ಲಕ್ಷ 10 ಸಾವಿರಕ್ಕೆ ಆಯ್ತು. ಕಾಗದ ಪತ್ರದ ವಿಷಯ ಚಿಕ್ಕದಾಗಿ ಹೇಳ್ತೇನೆ: ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಉಂಟಾ ನೋಡಿ, ಇದ್ರೆ ಸಾಲ ತೀರಿ ಆ ಹೆಸರು ತೆಗೆಸುವ ಫಾರಂ 35 ಆಗದೆ ದುಡ್ಡು ಕೊಡ್ಬೇಡಿ. ಓನರ್ ಬದಲಾವಣೆಯ ಫಾರಂ 29, 30 ಎರಡಕ್ಕೂ ಸೈನ್ ಆಗ್ಬೇಕು, ಬೇರೆ ಆರ್‌ಟಿಒ ಆದ್ರೆ ಅಲ್ಲಿಂದ ಎನ್‌ಒಸಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸ್ಲಿಕ್ಕೆ ಅರ್ಜಿ ಹಾಕಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಮಲ್ಲಿ ಸಿಗುವ ರಿಯಾಯಿತಿ) ಕಾರಿನದ್ದಲ್ಲ, ಹಳೇ ಓನರಿನದ್ದು, ಆ ವ್ಯತ್ಯಾಸದ ದುಡ್ಡು ನಾವು ಕಟ್ಬೇಕು. ಇದು ನಮಗೆ ಗೊತ್ತಿರ್ಲಿಲ್ಲ, ಲೆಕ್ಕಕ್ಕಿಂತ ಜಾಸ್ತಿ ಹೋಯ್ತು.

ಗಾಡಿ ಮನೆಗೆ ತರುವಾಗ ಶಿರಾಡಿ ಘಾಟಿ ಇಳಿದದ್ದು ನಾನು. ಮಾರನಹಳ್ಳಿ ದಾಟಿ ಮೂರನೇ ಗೇರಲ್ಲಿ ಬಿಟ್ರೆ ಎಂಜಿನ್ನೇ ಗಾಡಿಯನ್ನು ಹಿಡೀತದೆ, ಬ್ರೇಕ್ ಮುಟ್ಟುವ ಕೆಲಸ ಕಮ್ಮಿ. ಗುಂಡ್ಯಕ್ಕೆ ಬರುವಾಗ ಇದು ನಮ್ಮ ಕಾರು ಅಂತ ಆಗಿ ಹೋಗಿತ್ತು.

ಓಡಿಸುವುದು ಹೇಗೆ ಅಂತ ಹೇಳ್ತೇನೆ, ಇದೇ ಮುಖ್ಯ. ಟರ್ಬೊ ಇಲ್ಲ, 109 ಎನ್ಎಂ ಪೂರ್ತಿ ಸಿಗುವುದು 4,500 ಆರ್‌ಪಿಎಂಗೆ, ಹಾಗಾಗಿ ಎರಡು ಸಾವಿರದ ಕೆಳಗೆ ಐದನೇ ಗೇರಲ್ಲಿ ಒತ್ತಿದ್ರೆ ಎಂತದೂ ಆಗುವುದಿಲ್ಲ. ಗೇರ್ ಇಳಿಸ್ಬೇಕು. ಮೂರಕ್ಕೆ ಹಾಕಿ ಒತ್ತಿದ್ರೆ ನಾಲ್ಕು ಸಾವಿರ ದಾಟುವಾಗ ಸ್ವರ ಬದಲಾಗ್ತದೆ, ಗಂಟಲು ಬಿಚ್ಚಿ ಹಾಡಿದ ಹಾಗೆ, ಅಲ್ಲಿಂದ ಆರು ಸಾವಿರದವರೆಗೆ ಗಾಡಿ ಎಳೆಯುವುದು ಉಂಟಲ್ಲ, ಅದಕ್ಕೇ ಇವರು ಸೋತದ್ದು. ನಂಗೆ ಅಷ್ಟು ಎಳೆಯುವ ಹುಚ್ಚಿಲ್ಲ. ನಂಗೆ ಖುಷಿ ತಿರುವಲ್ಲಿ, ಮೂತಿ ಹಗುರ, ಸ್ಟೇರಿಂಗ್ ತಿರುಗಿಸಿದ ಕೂಡ್ಲೇ ಗಾಡಿ ತಿರುಗ್ತದೆ, ಸೊಂಟ ತಡವಾಗಿ ಬರುವುದಿಲ್ಲ. ಒಂದೇ ಕಾರಲ್ಲಿ ಇಬ್ಬರಿಗೂ ಬೇರೆ ಬೇರೆ ಸುಖ ಸಿಕ್ಕಿದ್ದು ಅದರ ತೂಕ ಕಮ್ಮಿ ಇದ್ದದ್ದಕ್ಕೇ ಅಂತ ನನ್ನ ಅಭಿಪ್ರಾಯ. ಪವರ್ ಜಾಸ್ತಿ ಇದ್ದಿದ್ರೆ ಅದು ಅವರ ಕಾರು ಆಗ್ತಿತ್ತು, ನಾನು ಸಾಲಕ್ಕೆ ತಗೊಂಡ ಹಾಗೆ ಓಡಿಸ್ಬೇಕಿತ್ತು.

ಆಗುಂಬೆಗೆ ವರ್ಷಕ್ಕೆ ನಾಲ್ಕೈದು ಸಲ ಹೋಗ್ತೇವೆ. ಹೆಬ್ರಿ, ಸೋಮೇಶ್ವರ ಆಗಿ 14 ಹೇರ್‌ಪಿನ್ ತಿರುವು. ದೊಡ್ಡ ಗಾಡಿಯವರು ಎದುರಿನವರಿಗೆ ಜಾಗ ಬಿಡ್ಲಿಕ್ಕೆ ರಿವರ್ಸ್ ಹಾಕುವಲ್ಲಿ ಇದು ಎರಡನೇ ಗೇರಲ್ಲಿ ಸುಮ್ಮನೆ ಹತ್ತಿ ಹೋಗ್ತದೆ. ದಯವಿಟ್ಟು ಇಳಿಯುವವರು ಹತ್ತುವವರಿಗೆ ದಾರಿ ಬಿಡಿ, ರೂಲೇ ಹಾಗೆ ಉಂಟು, ತಿರುವಲ್ಲಿ ನಿಲ್ಲಿಸಿದ ಗಾಡಿಯನ್ನು ಮತ್ತೆ ಹತ್ತಿಸುವ ಕಷ್ಟ ಮೇಲಿಂದ ಬರುವವರಿಗೆ ಗೊತ್ತಾಗುವುದಿಲ್ಲ.

ಮೈಲೇಜ್ ಹೈವೇಲಿ 17-18 ಬರ್ತಿತ್ತು, ಮಂಗಳೂರು ಪೇಟೆ, ಹಂಪನಕಟ್ಟೆ ಕಂಕನಾಡಿ ಎಲ್ಲ ಸುತ್ತಿದ್ರೆ 13. ಇ20 (20% ಎಥೆನಾಲ್ ಬೆರೆತ) ಪೆಟ್ರೋಲ್ ಬಂದ ಮೇಲೆ ಹೈವೇಲಿ 16ರ ಹತ್ತಿರ ಇಳಿದಿದೆ, ಎಥೆನಾಲಲ್ಲಿ ಶಕ್ತಿ ಕಮ್ಮಿ ಇರುವುದ್ರಿಂದ ಸ್ವಲ್ಪ ಇಳಿಯುವುದು ಸಹಜ, ಆದ್ರೂ ಹಳೇ ಗಾಡಿ ಅಂತ ಪ್ರತಿ ಸರ್ವಿಸಲ್ಲೂ ಪೆಟ್ರೋಲ್ ಹೋಗುವ ರಬ್ಬರ್ ಪೈಪ್ ನೋಡಿಸ್ತೇನೆ. ಟ್ಯಾಂಕು 35 ಲೀಟರಿನದ್ದು, ಲಾಂಗ್ ಹೋಗುವಾಗ ಬಂಕ್ ಲೆಕ್ಕ ಹಾಕ್ಬೇಕು. ಡಿಕ್ಕಿ ತೀರಾ ಸಣ್ಣದು, 25 ಕೆಜಿ ಅಕ್ಕಿ ಚೀಲ ಮತ್ತು ಎರಡು ತರಕಾರಿ ಬ್ಯಾಗ್ ಇಟ್ರೆ ಮುಗೀತು. ಹಿಂದಿನ ಬಾಗಿಲು ಪೂರ್ತಿ ಗ್ಲಾಸ್, ನೋಡ್ಲಿಕ್ಕೆ ಚಂದ, ಆದ್ರೆ ಸಾಮಾನು ಎತ್ತರಕ್ಕೆ ಎತ್ತಿ ಇಡ್ಬೇಕು, ಅತ್ತೆಗೆ ಅದು ಕಷ್ಟ. ಮಗು ಆಗಿ ತೊಟ್ಟಿಲು, ಬಕೆಟ್, ಎಲ್ಲ ಹೊರುವ ಮನೆಯಾದ್ರೆ ನಾನು ಇದನ್ನು ತಗೊಳ್ಳಿ ಅಂತ ಹೇಳುವುದಿಲ್ಲ.

ಖರ್ಚು. 2022ರಲ್ಲಿ ನಾಲ್ಕೂ ಟಯರ್ ಬದಲಿಸಿದೆವು, ನಮ್ಮ ಮಳೆಗೆ ಕಟ್ ಸವೆದ ಟಯರಲ್ಲಿ ಹೈವೇಗೆ ಇಳಿಯುವುದು ಜೀವದ ಜೊತೆ ಆಟ. ಬ್ಯಾಟರಿ ಒಮ್ಮೆ. 71 ಸಾವಿರಕ್ಕೆ ಕ್ಲಚ್ ಸೆಟ್, ಎಂಟೂವರೆ ಸಾವಿರ ಆಯ್ತು. ಅಡಿಗೆ ಆಂಟಿ ರಸ್ಟ್ ಕೋಟಿಂಗ್ ತಗೊಂಡ ವಾರವೇ ಹೊಡೆಸಿದೆವು, ಮಳೆಗಾಲ ಮುಗಿದ ಕೂಡ್ಲೇ ಅಡಿ ತೊಳೆಸಿ ಕಿತ್ತ ಜಾಗಕ್ಕೆ ಮತ್ತೆ ಹೊಡೆಸ್ತೇವೆ. ಇವತ್ತಿನವರೆಗೆ ದೊಡ್ಡ ತುಕ್ಕು ಇಲ್ಲ. ಬ್ರಿಯೋ ಈಗ ಬರುವುದಿಲ್ಲ, ಆದ್ರೆ ಹಳೇ ಪೆಟ್ರೋಲ್ ಹೋಂಡಾ ಅಮೇಝಿಗೂ ಇದೇ ಎಂಜಿನ್, ಹಾಗಾಗಿ ಪಾರ್ಟ್ಸಿಗೆ ಇಲ್ಲಿವರೆಗೆ ಕಾದದ್ದಿಲ್ಲ.

ದೊಡ್ಡ ಉಪದ್ರ ಕೊಟ್ಟದ್ದು ಹೆಗ್ಗಣ. 2023ರ ಜುಲೈಯಲ್ಲಿ ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗ್ಲಿಲ್ಲ, ಬಾನೆಟ್ ಎತ್ತಿದ್ರೆ ಎಂಜಿನ್ ಮೇಲೆ ತೆಂಗಿನ ನಾರು, ಅರ್ಧ ತಿಂದ ಹಲಸಿನ ಬೇಳೆ, ಪಕ್ಕದಲ್ಲಿ ಮೂರು ವಯರ್ ತುಂಡು. ಕಟ್ಟಿಗೆ ಕೊಟ್ಟಿಗೆ ಪಕ್ಕ ನಿಲ್ಲಿಸ್ತಿದ್ದದ್ದೇ ನಮ್ಮ ತಪ್ಪು. 4,800 ರೂಪಾಯಿ ಹೋಯ್ತು. ಈಗ ಅಂಗಳದ ನಡುವಲ್ಲಿ ನಿಲ್ಲಿಸ್ತೇವೆ, ಬಟ್ಟೆಯಲ್ಲಿ ಹೊಗೆಸೊಪ್ಪು ಕಟ್ಟಿ ಬಾನೆಟ್ ಒಳಗೆ ಬಿಸಿ ತಾಗದ ಕಡೆ ಇಡ್ತೇವೆ, ತಿಂಗಳಿಗೊಮ್ಮೆ ಬದಲಿಸ್ಬೇಕು, ಆಮೇಲೆ ಬಂದಿಲ್ಲ. ಮಳೆಗಾಲದಲ್ಲಿ ಗಾಡಿ ನಾಲ್ಕು ದಿನ ಮುಚ್ಚಿಟ್ರೆ ಸೀಟಿಗೆ, ಬೆಲ್ಟಿಗೆ ಬಿಳಿ ಬೂಷ್ಟು ಬರ್ತದೆ, ಅದಕ್ಕೆ ಸೀಟಿನಡಿ ಇದ್ದಿಲು ಇಡುವುದು ಮತ್ತು ದಿನಾ ಓಡಿಸುವುದು.

ಇಬ್ಬರು ಹಂಚಿಕೊಳ್ಳುವವರಿಗೆ ಒಂದೇ ಒಂದು ಹೇಳ್ಲಿಕ್ಕುಂಟು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ 40 ಪುಟದ ಒಂದು ನೋಟ್‌ಬುಕ್ ಇಡಿ. ಅವರು ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ನಾನು ಹೊರಟಾಗಿರ್ತದೆ, ಕೆಲವು ವಾರ ಸರಿಯಾಗಿ ಮಾತಾಡ್ಲಿಕ್ಕೂ ಸಿಗುವುದಿಲ್ಲ. ಶುರುವಿಗೆ ಬರೆದದ್ದು ಪೆಟ್ರೋಲ್ ಲೆಕ್ಕ, ಟಯರ್ ಗಾಳಿ ಅಷ್ಟೇ. "ಎಡ ಹಿಂದೆ ಗಾಳಿ ಕಮ್ಮಿ, ನೋಡು." "ಹಾಕಿಸಿದೆ. ವೈಪರ್ ಗೀರ್ತಾ ಉಂಟು." ಆಮೇಲೆ "ಪಡುಬಿದ್ರಿಯಲ್ಲಿ ರಸ್ತೆ ಗುಂಡಿ ಬಲಕ್ಕೆ, ನಿಧಾನ ಹೋಗು" ಅಂತ ಅವರು, "ಹಿಂದಿನ ಸೀಟಲ್ಲಿ ಚಕ್ಕುಲಿ ಉಂಟು, ನಿಮಗೆ" ಅಂತ ನಾನು. ಈಗ ಐದನೇ ಪುಸ್ತಕ. ಮೆಕ್ಯಾನಿಕ್ ಈಗ ಗಾಡಿ ಬಿಟ್ರೆ ಮೊದಲು ಕೇಳುವುದು ಪುಸ್ತಕ ಕೊಡಿ ಅಂತ, ಯಾವ ಸದ್ದು ಯಾವತ್ತು ಶುರು ಆದದ್ದು ಅಂತ ತಾರೀಕು ಸಮೇತ ಅದರಲ್ಲಿ ಸಿಗ್ತದೆ.

ಮೊನ್ನೆ ಇವರು ಬರೆದದ್ದು: "ಮುಂದೆ ಎಡಕ್ಕೆ ಗುಂಡಿಲಿ ಟಕ್ ಟಕ್, ಲೋವರ್ ಆರ್ಮ್ ಬುಷ್ ಇರ್ಬೇಕು." ಶನಿವಾರ ಗ್ಯಾರೇಜಿಗೆ ಬಿಡ್ತೇವೆ. ಭಾನುವಾರ ಆಗುಂಬೆ, ಹತ್ತುವಾಗ ಅವರು, ಇಳಿಯುವಾಗ ನಾನು.